ಜಯವ್ವನ ಗೋಡೆಯ ನೀಲಿ ಗೆರೆ

ಅಂದಿನ ರಾಮಾಯಣಕ್ಕೆಲ್ಲ ಕಂದಾಯ ಇಲಾಖೆಯ ತಲಾಠಿ ಶಂಭುಲಿಂಗನ ಅವಸರವೇ ಮೂಲ. ಅವಸರವಾದರೂ ಯಾಕಿರಬಾರದು? ಮೂವತ್ತೈದು ದಾಟಿದ ಮೇಲೆ ಕೊನೆಗೂ ಒಂದು ಸಂಬಂಧ ಕೂಡಿಬರುವಂತಿತ್ತು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರು, ಒಬ್ಬಳೇ ಮಗಳು. ಮಾತುಕತೆಯೆಲ್ಲ ಮಧ್ಯಸ್ಥನ ಮೂಲಕವೇ ನಡೆದಿತ್ತು. ಯಾರೂ ಯಾರ ಮುಖವನ್ನೂ ನೋಡಿರಲಿಲ್ಲ. ಅವರು ಸಂಜೆ ರಾಣೇಬೆನ್ನೂರಿನ ಅವನ ಮನೆ ನೋಡಲು ಬರುವವರಿದ್ದರು.

"ಲಗೂ ಬಾರಪಾ. ಶಿರಾ ಮಾಡಾಕತ್ತೇನಿ. ಹೊಸಾ ಅಂಗಿ ಹೊಲಸ ಮಾಡ್ಕೊಂಡು ಬರಬ್ಯಾಡ," ಎಂದು ತಾಯಿ ಶಾರದವ್ವ ಬಾಗಿಲವರೆಗೂ ಬಂದು ಹೇಳಿ ಕಳಿಸಿದ್ದಳು.

ಎರಡು ಸಾವಿರದ ಒಂಬತ್ತರ ಮಹಾಪೂರ ಇಳಿದು ಎರಡು ತಿಂಗಳಾಗಿತ್ತು. ಹೊಳೆದಂಡೆಯ ಮನೆಮನೆಗೂ ಹೋಗಿ, ನೀರು ಎಲ್ಲಿಯವರೆಗೆ ಏರಿತ್ತೋ ಅಲ್ಲಿಗೆ ನೀಲಿ ಬಣ್ಣದ ಗೆರೆ ಎಳೆಯಬೇಕು, ಹಿಂದೆ ಯಾವ ಯಾವ ವರ್ಷ ಹೊಳೆ ಉಕ್ಕಿತ್ತೆಂದು ಹಿರಿಯರನ್ನು ಕೇಳಿ ಬರೆದುಕೊಳ್ಳಬೇಕು ಎಂದು ಮೇಲಿನಿಂದ ಆದೇಶ ಬಂದಿತ್ತು. ಶಂಭುಲಿಂಗನ ಪಾಲಿಗೆ ಮೇಡ್ಲೇರಿಯ ಒಂದು ಓಣಿ ಬಿತ್ತು. ಓಣಿಯ ಮೊದಲ ಮನೆಯಲ್ಲೇ ಸೋಮವ್ವ ಕೂತಿದ್ದಳು.

"ಹಿಂದ ಯಾವಾಗ ಇಷ್ಟು ನೀರು ಬಂದಿತ್ತಬೇ?"

"ನಮ್ಮ ಎಮ್ಮಿ ತೇಲಿ ಹೋದ ವರ್ಷ ಬಂದಿತ್ರಿ."

"ಅದು ಯಾವ ವರ್ಷ?"

"ಯಾವ ಎಮ್ಮಿದು ಕೇಳ್ತೀರಿ? ಕರೀದೋ, ಕೋಡು ಮುರದದ್ದೋ?"

ಶಂಭುಲಿಂಗ ಗಡಿಯಾರ ನೋಡಿಕೊಂಡು ಇತಿಹಾಸವನ್ನು ಅಲ್ಲಿಗೇ ಕೈಬಿಟ್ಟ. "ಈ ಸಲ ಎಷ್ಟು ಬಂತು, ಅದನ್ನರ ಹೇಳು."

"ಎದಿಮಟ್ಟ ಬಂತ್ರಿ."

"ಯಾರ ಎದಿ?"

ಸೋಮವ್ವ ತೀರಾ ಗಿಡ್ಡ ಹೆಂಗಸು. ತನ್ನನ್ನೊಮ್ಮೆ, ಅವನನ್ನೊಮ್ಮೆ ನೋಡಿ ಹೇಳಿದಳು: "ನಿಮ್ಮದ ಇಟ್ಕೋರಿ ಸಾಹೇಬ್ರ. ಸರಕಾರದ ಎದಿ."

ಇದು ಅವನಿಗೆ ಬಲು ಹಿಡಿಸಿತು. ಅಳತೆಯ ಟೇಪು ಚೀಲದಲ್ಲೇ ಉಳಿಯಿತು. ಗೋಡೆಗೆ ಒರಗಿ ನಿಲ್ಲುವುದು, ಎದೆಮಟ್ಟಕ್ಕೆ ಬ್ರಷ್ ಇಡುವುದು, ಸರ್ರನೆ ಗೆರೆ ಎಳೆದು ಮುಂದಿನ ಮನೆಗೆ ಓಡುವುದು. ಓಣಿಯ ಎಡಮಗ್ಗಲು ಮುಗಿದು, ಬಲಮಗ್ಗಲೂ ಮುಗಿಯುತ್ತ ಬಂದು, ಸೋಮವ್ವನ ಎದುರು ಮನೆಯೊಂದು ಉಳಿಯಿತು. ಅದು ಜಯವ್ವನ ಮನೆ. ಹೆಗಲೆತ್ತರದ ಕಟ್ಟೆ, ನಿನ್ನೆ ತಾನೇ ಸುಣ್ಣ ಕಂಡ ಬೆಳ್ಳನೆಯ ಗೋಡೆ. ಶಂಭುಲಿಂಗ ದಡದಡ ಮೆಟ್ಟಿಲು ಹತ್ತಿ, ಕಟ್ಟೆಯ ಮೇಲೆ ನಿಂತು, ಅಲ್ಲೂ ಎದೆಮಟ್ಟಕ್ಕೇ ಗೆರೆ ಎಳೆದ.

"ಅಯ್ಯ ನನ ಶಿವನ!" ಜಯವ್ವ ಸೌಟು ಹಿಡಿದೇ ಹೊರಗೆ ಓಡಿಬಂದಳು. "ಇದೇನ ಮಾಡಿದ್ರಿ? ನಮ್ಮ ಹುಡುಗಗ ಹೆಣ್ಣಿನವರು ಮನಿ ನೋಡಾಕ ಬರಾಕತ್ತಾರ. ಮುಣುಗೋ ಮನಿಗೆ ಯಾರರ ಹೆಣ್ಣು ಕೊಡ್ತಾರೇನ್ರಿ? ನಮ್ಮ ಕಟ್ಟಿ ಏರಿಲ್ರಿ ನೀರು!"

"ಎಲ್ಲಾರೂ ಹಂಗ ಅಂತಾರಬೇ. ಸರಕಾರದ ಕೆಲಸಕ್ಕ ಅಡ್ಡ ಬರಬ್ಯಾಡ," ಎಂದ ಶಂಭುಲಿಂಗ, ಭಾರೀ ಗತ್ತಿನಲ್ಲಿ.

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಜೀಪಿನ ಹಾರ್ನ್ ಕೇಳಿತು. ಜಯವ್ವ ಗಡಬಡಿಸಿ ಒಳಗಿನಿಂದ ಒಂದು ಕೌದಿ ತಂದು ಮೊಳೆಗೆ ಸಿಕ್ಕಿಸಿ ಗೆರೆ ಮುಚ್ಚಿದಳು. ಬಿಳೀ ಜುಬ್ಬಾ ತೊಟ್ಟ ಹಿರಿಯರೊಬ್ಬರು ಹೆಂಡತಿಯೊಂದಿಗೆ ಮೆಟ್ಟಿಲು ಹತ್ತಿದರು. ಅವರು ಹತ್ತಿರ ಬಂದದ್ದೇ ಶಂಭುಲಿಂಗನಿಗೆ ಸೀನು ಬಂತು, ಒಂದರ ಹಿಂದೆ ಒಂದು. ಧೂಳಿರಬೇಕೆಂದುಕೊಂಡು ಬಣ್ಣದ ಡಬ್ಬಿ ಬಚ್ಚಿಟ್ಟುಕೊಂಡು ಮೂಲೆಗೆ ಸರಿದ.

ಹಿರಿಯರು ಉಸ್ಸೆಂದು ಕಟ್ಟೆಯ ಮೇಲಿನ ಬೆಂಚಿನಲ್ಲಿ ಕುಳಿತು ಗೋಡೆಗೆ ಒರಗಿದರು. ಮೊಳೆ ಕಿತ್ತು ಕೌದಿ ಜಾರಿತು. ಚಹಾಕ್ಕೆಂದು ಮುಂದೆ ಬಾಗಿದಾಗ ಅವರ ಬಿಳೀ ಜುಬ್ಬಾದ ಬೆನ್ನಿನ ಮೇಲೆ ಈ ಹೆಗಲಿನಿಂದ ಆ ಹೆಗಲಿಗೆ ನೀಲಿ ಪಟ್ಟಿ!

"ಏನ್ರಿ ಇದು?" ಎಂದು ಅವರ ಹೆಂಡತಿ ಚೀರಿದರು.

ಎದುರು ಮನೆಯಿಂದ ಸೋಮವ್ವ ಉತ್ಸಾಹದಿಂದ ಕೂಗಿದಳು: "ಮಹಾಪೂರದ ನೀರಿನ ಗುರ್ತರಿ! ಸರಕಾರದವರು ತಗದಾರ!"

ಹಿರಿಯರು ಗೆರೆ ನೋಡಿದರು, ಮಾಳಿಗೆ ನೋಡಿದರು, ಚಹಾದ ಕಪ್ಪು ಕೆಳಗಿಟ್ಟರು. "ನಮ್ಮ ಹುಡುಗಿಗೆ ಈಜು ಬರೂದಿಲ್ರಿ," ಎಂದರು.

ಜಯವ್ವ ಜಗಳಕ್ಕೆ ನಿಲ್ಲಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಬಾಗಿಲಲ್ಲಿ ಕುಸಿದಳು. ಮಗ ಪ್ರವೀಣಕುಮಾರ ಹೊಸ ಅಂಗಿಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ಸಂಜೆ ತಾನೂ ಹೀಗೇ ನಿಲ್ಲುವವನು ಎಂಬುದು ಶಂಭುಲಿಂಗನಿಗೆ ನೆನಪಾಯಿತು. ತಾಯಿ-ಮಗನ ಮುಖ ನೋಡಲಾರದೆ ಕಣ್ಣು ಕೆಳಗಿಳಿಸಿದ. ಎದುರು ಗೋಡೆಯಲ್ಲಿ ತಾನೇ ಎಳೆದ ಸೋಮವ್ವನ ಗೆರೆ ಕಂಡಿತು. ಅದು ತನ್ನ ಚಪ್ಪಲಿಗಿಂತ ಕೆಳಗಿತ್ತು! ನೀರು ಜಯವ್ವನ ಮನೆಯೊಂದಕ್ಕೇ ಮೆಟ್ಟಿಲು ಹತ್ತಿ ಬರುತ್ತದೆಯೇ?

ಅವನಿಗೆ ನಾಚಿಕೆಯಾಯಿತು. ಬಾಯಿ ಮುಚ್ಚಿಕೊಂಡು ಜಾರಿಕೊಳ್ಳಬಹುದಿತ್ತು. ಆದರೆ ಬಾಗಿಲಲ್ಲಿ ಕುಸಿದ ಜಯವ್ವನನ್ನು ಬಿಟ್ಟು ಹೋಗಲು ಕಾಲು ಏಳಲಿಲ್ಲ.

"ತಪ್ಪು ನಂದೈತ್ರಿ, ಯಜಮಾನ್ರ," ಎಂದ. "ಮನಿಗೆ ಹೋಗೂ ಅವಸರಕ್ಕ ಟೇಪ್ ಹಿಡೀಲಿಲ್ಲ. ಕಟ್ಟಿ ಮ್ಯಾಲ ನಿಂತು ನನ್ನ ಎದಿ ಅಳತಿ ಹಿಡದೆ. ಈ ಓಣ್ಯಾಗ ನೀರು ಮುಟ್ಟಲಾರದ ಮನಿ ಅಂದ್ರ ಇದೊಂದ. ಭಾಳ ಛಲೋ ಮನಿ ಐತ್ರಿ."

ಓಣಿಗೆ ಓಣಿಯೇ ನಕ್ಕಿತು. "ನೀರು ಏರಿಲ್ಲ, ಸರಕಾರದ ಎದಿ ಏರೇತಿ!" ಎಂದಳು ಸೋಮವ್ವ. ಶಂಭುಲಿಂಗ ಸೀಮೆಎಣ್ಣೆ, ಅರಿವೆ ಬೇಡಿ ಪಡೆದು ಎಲ್ಲರೆದುರೇ ಗೆರೆ ಒರೆಸಿದ. ಅರ್ಧ ಬಣ್ಣ ಅವನ ಹೊಸ ಅಂಗಿಗೆ ಹತ್ತಿತು.

ಹಿರಿಯರ ಮುಖ ಅರಳಿತು. "ತಪ್ಪು ಒಪ್ಪಿಕೊಳ್ಳೋ ನೌಕರಸ್ಥರು ಈಗ ಎಲ್ಲಿ ಸಿಗತಾರ್ರಿ? ಮನಿ ಪಸಂದ ಬಂತು. ಇನ್ನೊಂದು ಕಡೆ ಹೋಗೂದಿತ್ತು, ಬ್ಯಾಡಂತ ಫೋನ್ ಮಾಡ್ತೇನಿ," ಎಂದು ಜೀಪಿನ ಕಡೆ ನಡೆದರು.

ಜಯವ್ವ ಕಣ್ಣೊರೆಸಿಕೊಂಡು ಶಿರಾದ ಮೊದಲ ತಾಟು ಶಂಭುಲಿಂಗನಿಗೇ ಕೊಟ್ಟಳು. ಬೆಳಗಿನಿಂದ ಮೊದಲ ಸಲ ಅವನ ಎದೆ ಹಗುರಾಯಿತು. ಬಾಯಿತುಂಬ ಶಿರಾ ಹಾಕಿಕೊಂಡ. ಫೋನು ಬಡಿದುಕೊಂಡಿತು.

"ಶಂಭ್ಯಾ!" ಶಾರದವ್ವ ಅಳುತ್ತಿದ್ದಳು. "ಬ್ಯಾಡಗಿಯವರು ಬರಾಂಗಿಲ್ಲಂತೋ! ಮೇಡ್ಲೇರ್ಯಾಗ ಮನಿ ಪಸಂದ ಆತಂತ. ಅಲ್ಲಿ ಯಾವನೋ ಸರಕಾರದಾಂವ ನಿಂತು ಭಾಳ ಛಲೋ ಮನಿ ಅಂತ ಹೇಳಿದನಂತ. ಅವನ ಬಾಯಾಗ ಮಣ್ಣ ಬೀಳ್ಲಿ! ಎಂಥಾ ತಾಯಿ ಹಡದಾಳೋ ಅವನ್ನ!"

ಅವನು ಶಿರಾ ನುಂಗಿ ಫೋನು ಕಿಸೆಗಿಟ್ಟ. ಹಿರಿಯರು ಮರಳಿ ಬಂದು ಪಕ್ಕದಲ್ಲೇ ಕುಳಿತರು. ಶಂಭುಲಿಂಗನಿಗೆ ಮತ್ತೆ ಸೀನು ಬಂತು. ಬ್ಯಾಡಗಿಯ ಮೆಣಸಿನಕಾಯಿಯ ಘಾಟು ಈಗ ಅವನಿಗೆ ಚೆನ್ನಾಗಿ ಗೊತ್ತಾಯಿತು.

"ಯಾರ್ರಿ ಫೋನು?" ಎಂದರು ಹಿರಿಯರು.

"ನಮ್ಮವ್ವರಿ."

"ಏನಂತಾರ?"

"ಎಂಥಾ ತಾಯಿ ಹಡದಾಳೋ ಅಂತ ಕೇಳಾಕತ್ತಾಳ್ರಿ."

"ಖರೇ ಮಾತು! ಪುಣ್ಯಾತಗಿತ್ತಿ," ಎಂದು ಹಿರಿಯರು ಅವನ ಬೆನ್ನು ಚಪ್ಪರಿಸಿದರು. ಜಯವ್ವ ಅವನ ತಾಟಿಗೆ ಇನ್ನೊಂದು ಸೌಟು ಶಿರಾ ಹಾಕಿದಳು.