ಮೂಲವೆಂದರೆ ನಕ್ಷತ್ರವಲ್ಲ

ಇವತ್ತು ಬೆಳಿಗ್ಗೆ ನಲ್ಲಿ ನೀರು ಹಿಡಿದೆ, ಬೂತಿನಿಂದ ಹಾಲು ತಂದೆ, ರೇಡಿಯೋ ಬ್ಯಾಟರಿಗಳನ್ನು ಬಿಸಿಲಿಗಿಟ್ಟೆ, ಸೈಕಲ್ಲಿಗೆ ಗಾಳಿ ಹೊಡೆದೆ, ಮೂರು ವಾರದಿಂದ ಮುಚ್ಚಿಟ್ಟಿದ್ದ ಒಂದು ವಿಷಯವನ್ನು ಹೆಂಡತಿ ಸರೋಜಳಿಗೆ ಹೇಳಿದೆ. ಕೊನೆಯದೊಂದು ಬಿಟ್ಟು ಉಳಿದವೆಲ್ಲ ಸಲೀಸಾಗಿ ಆದವು.

ವಿಷಯ ಇಷ್ಟೇ: ಕಕ್ಕಸಿಗೆ ಹೋದಾಗ ರಕ್ತ ಬೀಳುತ್ತಿತ್ತು. ಜಾಲಹಳ್ಳಿಯ ಕಾರ್ಖಾನೆಯಲ್ಲಿ ನಾನು ಇನ್‌ಸ್ಪೆಕ್ಷನ್ ವಿಭಾಗದವನು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಬಿಡಿಭಾಗವನ್ನು ವಾಪಸು ಕಳಿಸುವ ನಾನು, ಇದನ್ನು ಮಾತ್ರ ಮೊದಲ ವಾರ ಬೀಟ್‌ರೂಟ್ ಪಲ್ಯವೆಂದೂ ಎರಡನೆಯ ವಾರ ಉಷ್ಣವೆಂದೂ ಪಾಸು ಮಾಡಿಬಿಟ್ಟೆ. ಮೂರನೆಯ ವಾರ, ಕರುಳಿನಲ್ಲಿ ಗಡ್ಡೆಯಾಗಿ ತೀರಿಕೊಂಡ ನಮ್ಮಪ್ಪ ಪದೇಪದೇ ನೆನಪಾಗತೊಡಗಿದರು.

ಅಂತೂ ಕಾಫಿ ಕುಡಿಯುವಾಗ ಧೈರ್ಯ ಮಾಡಿ, "ಮೂಲ ಅಂತ ಕಾಣತ್ತೆ ಕಣೇ" ಎಂದೆ.

ನಮ್ಮಕ್ಕನ ಮಗಳಿಗೆ ಗಂಡು ಹುಡುಕುತ್ತಿರುವ ಕಾಲ. ಸರೋಜ ಸೌಟು ಕೆಳಗಿಟ್ಟಳು. "ಅಯ್ಯೋ, ಹುಡುಗೀ ಜಾತಕದಲ್ಲಿ ಬೇರೆ ನಕ್ಷತ್ರ ಇತ್ತಲ್ರೀ! ಮೂಲಾ ನಕ್ಷತ್ರ ಆದ್ರೆ ಮಾವ ಇಲ್ಲದ ಮನೇನೇ ಹುಡುಕಿ ಅಂತಾರೆ."

"ಹುಡುಗೀದಲ್ಲ, ನಂದು."

"ನಿಮ್ದು ಉತ್ತರಾಷಾಢ ಅಲ್ವಾ?"

"ನಕ್ಷತ್ರ ಅಲ್ಲ ಕಣೇ, ಮೂಲವ್ಯಾಧಿ! ಕೆಳಗಡೆ ರಕ್ತ ಹೋಗ್ತಿದೆ."

ಸರೋಜ ಒಲೆ ಆರಿಸಿ, ಸೀರೆ ಬದಲಿಸಿ, ಚಪ್ಪಲಿ ಮೆಟ್ಟಿ ನಿಂತಳು. ನನಗೆ ಎರಡನೇ ಶಿಫ್ಟು. ತಪ್ಪಿಸಿಕೊಳ್ಳಲು ನೆಪವೂ ಇರಲಿಲ್ಲ.

ಡಿಸ್ಪೆನ್ಸರಿಯ ಡಾಕ್ಟರು ಕೇಳಿದರು, "ಮೂಲ ಅಂತ ಹೇಳಿದ್ದು ಯಾರು?"

"ನಾನೇ ಸಾರ್."

"ಒಳಗಡೆ ಹೋಗಿ ನೋಡ್ಕೊಂಡ್ ಬಂದ್ರಾ?"

ಕೈಗವಸು ಹಾಕಿಕೊಂಡರು. ಎರಡು ನಿಮಿಷ ಗೋಡೆಯ ಕ್ಯಾಲೆಂಡರ್ ಓದಿದೆ. ನಾನು ಹೆದರಿದ್ದಷ್ಟು ನೋವೂ ಆಗಲಿಲ್ಲ, ಅವಮಾನವೂ ಆಗಲಿಲ್ಲ. "ಮೂಲ ಇದೆ. ಆದ್ರೆ ಮೂಲ ಇದ್ದೋರಿಗೆ ಬೇರೇದು ಬರಬಾರದು ಅಂತ ಕಾನೂನಿಲ್ಲ. ವಯಸ್ಸು ನಲವತ್ತೆಂಟು, ತಂದೆಗೆ ಬೇರೆ ಗಡ್ಡೆ ಇತ್ತು ಅಂತೀರಿ. ದೊಡ್ಡಾಸ್ಪತ್ರೇಲಿ ಇನ್ನೂ ಮೇಲಕ್ಕೆ ನೋಡಿಸೋಣ" ಎಂದು ಮಂಗಳವಾರಕ್ಕೆ ಚೀಟಿ ಬರೆದರು. ರಕ್ತ ಜಾಸ್ತಿಯಾದರೆ, ಮಲ ಡಾಂಬರಿನಂತೆ ಕಪ್ಪಾದರೆ, ತಲೆ ಸುತ್ತಿದರೆ ಮಂಗಳವಾರದವರೆಗೆ ಕಾಯದೆ ಆಗಲೇ ಓಡಬೇಕಂತೆ.

"ಮೊದಲನೇ ದಿನವೇ ಯಾಕ್ ಬರ್ಲಿಲ್ಲ?"

"ನಾಚಿಕೆ ಸಾರ್."

"ನಿಮಗೆ ನಾಚಿಕೆ. ನೋಡೋನು ನಾನು!"

ಮಧ್ಯಾಹ್ನ ಅನ್ನ, ಖಾರವಿಲ್ಲದ ಸೊಪ್ಪಿನ ಹುಳಿ, ಮಜ್ಜಿಗೆ. ಶಿಫ್ಟಿಗೆ ರಜೆ ಹೇಳಿ ಚಾಪೆ ಹಾಸಿದೆ. ನಾನು ದಿಂಬು ತರುವಷ್ಟರಲ್ಲಿ ಸರೋಜ ಚಾಪೆಯ ಮೇಲೆ ಮಲಗಿ, "ಮೂರು ವಾರದಿಂದ ನೀವು ಹೊರಳಾಡೋದನ್ನ ನೋಡ್ತಾ ನಾನೂ ಎದ್ದೇ ಇದ್ದೆ ಕಣ್ರೀ. ನೀವಾಗೇ ಹೇಳ್ತೀರೇನೋ ಅಂತ ಕಾದೆ" ಎಂದವಳು, ನಾನು ದಿಂಬು ಕೊಡುವ ಮೊದಲೇ ನಿದ್ದೆ ಹೋದಳು.