ಮೇಷ್ಟ್ರ ಮಹಾರಾಣಿ

ಟಾಕಿ ನೋಡಿ ಬಂದವರು ನಮ್ಮ ಜಗಲಿಯ ಮೇಲೆ ಕೂತು, ಇಂಥ ಡೈರೆಕ್ಟರು ಇಂಥ ಆ್ಯಕ್ಟರನ್ನು ಬಿಟ್ಟು ಇನ್ನೊಬ್ಬನನ್ನು ಹಾಕಿಕೊಳ್ಳುವುದೇ ಇಲ್ಲವಂತೆ, ಎಂಥ ಜೋಡಿ ಎಂದು ಹೊಗಳುತ್ತಾರೆ. ಹೊಗಳಲಿ. ಹಿಡಿದುಕೊಂಡವನ ಸಂತೋಷ ಊರಿಗೆಲ್ಲ ಕಾಣುತ್ತದೆ, ಸಿಕ್ಕಿಬಿದ್ದವನ ಪಾಡನ್ನು ಯಾರೂ ಕೇಳುವುದಿಲ್ಲ. ನಾಟಕದ ಕಂಪನಿಯೊಂದರಲ್ಲಿ ನಾನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಒಬ್ಬ ಮೇಷ್ಟ್ರ ಮೆಚ್ಚಿನ ನಟನಾಗಿದ್ದೆ. ಕಂಪನಿ ಅವರದು, ಹಾರ್ಮೋನಿಯಂ ಅವರದು, ಆಟ ಕಲಿಸುವವರೂ ಅವರೇ. ಅಷ್ಟೂ ವರ್ಷ ಈಗ ಹೇಳಹೊರಟಂಥವು ನಡೆಯುತ್ತಲೇ ಇದ್ದವು. ಕೇಳಿದವರು ನಗುತ್ತಾರೆ. ನಾನೂ ನಕ್ಕ ಹಾಗೆ ಮಾಡುತ್ತೇನೆ, ಅದನ್ನೂ ಅವರೇ ಕಲಿಸಿದ್ದು.

ಮೀಸೆ ಬರೋಗಂಟ

ಅರಕೆರೆಯಲ್ಲಿ ನಾನು ಅಟ್ಟಣೆ ಹತ್ತಿ, ಗದ್ದೆಗೆ ಬಿದ್ದ ಗಿಳಿಗಳನ್ನು ಕೂಗಿ ಓಡಿಸುತ್ತಿದ್ದೆ. ದಾರಿಯಲ್ಲಿ ಹೋಗುತ್ತಿದ್ದ ಮೇಷ್ಟ್ರು ಆ ದನಿ ಕೇಳಿ ಗಾಡಿ ನಿಲ್ಲಿಸಿದರು. ನೇರವಾಗಿ ನಮ್ಮ ಅಪ್ಪನ ಹತ್ತಿರ ಹೋದರು.

"ಗೌಡ್ರೇ, ಇವನ್ನ ನನ್ ಕಂಪ್ನಿಗೆ ಕೊಡಿ. ರಾಜನ್ನ ಮಾಡ್ತೀನಿ."

"ಈಗ್ಲೇ ರಾಜನ್ ಯೇಸ ಕೊಡ್ತೀರಾ?" ಎಂದು ಅಪ್ಪ ಕೇಳಿದ.

"ಮೀಸೆ ಬರ್ಲಿ. ಅಲ್ಲೀಗಂಟ ರಾಣಿ ಪಾರ್ಟು ಮಾಡ್ಕಂಡಿರ್ಲಿ."

ಆಗ ನಮ್ಮ ಕಡೆಯ ಕಂಪನಿಗಳಿಗೆ ಹೆಂಗಸರು ಸೇರುತ್ತಿರಲಿಲ್ಲ, ಹೆಣ್ಣು ಪಾತ್ರವೆಲ್ಲ ಗಂಡು ಹುಡುಗರದೇ. ಅಪ್ಪ ಒಪ್ಪಿದ. ಮಗ ರಾಜನಾಗುವುದನ್ನು ಮುಂದಿನ ಸಾಲಿನಲ್ಲಿ ಕೂತು ನೋಡುತ್ತೇನೆ ಎಂದು ಊರೆಲ್ಲ ಹೇಳಿಕೊಂಡು ಬಂದ. ನನಗೂ ಅದೊಂದೇ ಆಸೆ.

ಮೀಸೆ ಚಿಗುರಿದ ದಿನ ನಾನು ಓಡಿಹೋಗಿ ಮೇಷ್ಟ್ರಿಗೆ ತೋರಿಸಿದೆ. ಅವರು ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಆಮೇಲೆ ಡೇರೆಯ ಒಳಗೆ ಕೂಗಿದರು: "ಲೇ, ಕ್ಷೌರದವನ್ನ ಕರೀರ್ಲಾ. ನಮ್ ರಾಣಿಗೆ ಮಖದ್ ಮ್ಯಾಲೆ ಅದೇನೋ ಆಗದೆ."

ಸ್ವಂತ ಕೂದಲು

ಬೇರೆ ಕಂಪನಿಗಳ ರಾಣಿಯರು ಟೋಪನ್ ಕೂದಲು ಕಟ್ಟಿಕೊಳ್ಳುತ್ತಿದ್ದರು. ಮೇಷ್ಟ್ರು ಮಾತ್ರ ಹೋದ ಊರಲ್ಲೆಲ್ಲ ತಮಟೆ ಹೊಡೆಸಿ, ನಮ್ಮ ರಾಣಿಯದು ಸ್ವಂತ ಕೂದಲು ಎಂದು ಸಾರಿಸುತ್ತಿದ್ದರು. ಆಟದಲ್ಲಿ ರಾಜ ಅರಮನೆಯಿಂದ ಹೊರಗೆ ಹಾಕಿದ ಮೇಲೆ ರಾಣಿ ಮುಡಿ ಬಿಚ್ಚಿ ಅಳುವುದನ್ನು ನೋಡಲು ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು.

ಕೃಷ್ಣರಾಜಪೇಟೆಯಲ್ಲಿ ಡೇರೆ ಹಾಕಿದ್ದಾಗ ಅಪ್ಪ ಸತ್ತ ಸುದ್ದಿ ಬಂತು. ಹಿರಿಮಗ ನಾನು. ತಿಥಿಯ ದಿನ ನಮ್ಮೂರ ಕಾಲುವೆಯ ದಂಡೆಯಲ್ಲಿ ಕ್ಷೌರದವನ ಮುಂದೆ ತಲೆ ಬಗ್ಗಿಸಿ ಕೂತೆ. ಮೇಷ್ಟ್ರೂ ಬಂದಿದ್ದರು. ದುಃಖದಲ್ಲಿ ಜೊತೆಗಿರಲು ಬಂದರು, ದೊಡ್ಡ ಮನುಷ್ಯರು ಎಂದುಕೊಂಡೆ. ಅವರು ಕತ್ತಿಗೂ ನನ್ನ ತಲೆಗೂ ನಡುವೆ ಕೈ ಅಡ್ಡ ಹಿಡಿದರು.

"ತಲೆ ಮುಟ್ಬ್ಯಾಡ. ನಾಳಿದ್ದು ಆಟ ಅದೆ."

ದೊಡ್ಡಪ್ಪ ಸಿಟ್ಟಿಗೆದ್ದ. "ಅಪ್ಪುಂಗೆ ಮಗ ತಲೆ ಕೊಡ್ದೆ ಇದ್ರೆ ಎಂಗ್ರೀ?"

"ಮಗ ಕೊಡ್ಲಿ ಬುಡಿ. ಕಿರಿಯೋನು ಅವ್ನೆ. ಇದ್ನ ಮಗಳು ಅಂದ್ಕಳಿ" ಎಂದರು ಮೇಷ್ಟ್ರು.

ಯಾರೂ ನಗಲಿಲ್ಲ. ದೊಡ್ಡಪ್ಪ ನನ್ನ ಜಡೆಯನ್ನೊಮ್ಮೆ ನೋಡಿ, "ಅದೂ ದಿಟವೇಯ" ಅಂದುಬಿಟ್ಟ. ತಮ್ಮನ ತಲೆ ಬೋಳಾಯಿತು. ಊಟಕ್ಕೆ ನನ್ನನ್ನು ಹೆಂಗಸರ ಸಾಲಿನಲ್ಲಿ ಕೂರಿಸಿದರು.

ಪೇಟೆಗೆ ವಾಪಸು ಬಂದು ವೇಷ ಕಟ್ಟಿದೆ. ಆ ಆಟದಲ್ಲಿ ರಾಣಿ ಅತ್ತದ್ದು ನಟನೆಯಲ್ಲ, ಅಪ್ಪನಿಗಾಗಿ ಅತ್ತದ್ದು. ಪರದೆ ಬಿದ್ದ ಮೇಲೆ ಮೇಷ್ಟ್ರು ಹಾರ್ಮೋನಿಯಂ ಮುಚ್ಚುತ್ತಾ ಬೆನ್ನು ತಟ್ಟಿದರು. "ಇವತ್ತು ಬಲೇ ಸಂದಾಗ್ ಬಂತು ಕಣ್ಲಾ. ದಿನಾ ಇಂಗೇ ಅಳ್ಬೇಕು."

ಹೆಣ್ಣು ಕೇಳಲು ಹೋದದ್ದು

ಚಿನಕುರಳಿಯಲ್ಲಿ ಒಂದು ಹೆಣ್ಣಿದೆ ಎಂದರು. ಅಪ್ಪನ ಜಾಗದಲ್ಲಿ ನಿಂತು ಮಾತಾಡಲು ಮೇಷ್ಟ್ರೇ ಹೊರಟರು. ನಾನು ಅವರ ಹಿಂದೆ ಹೋದೆ.

ಹುಡುಗಿಯ ಅಪ್ಪ ನನ್ನನ್ನು ಕಂಡದ್ದೇ ಎದ್ದು ನಿಂತು ಕೈ ಮುಗಿದ. "ತಾಯೀ, ಹಿರೋಡೆ ಆಟ್ದಲ್ಲಿ ನಿನ್ ಕಷ್ಟ ನೋಡ್ಕಂಡ್ ಬಂದು ನಮ್ಮಟ್ಟೀಲಿ ಯಾರೂ ಉಣ್ನಿಲ್ಲ ಕಣವ್ವ."

ಅಲ್ಲಿಗೇ ಎದ್ದು ಬರಬೇಕಿತ್ತು. ಮೇಷ್ಟ್ರು ಕೂತು ನನ್ನ ಗುಣಗಾನಕ್ಕೆ ಶುರುವಿಟ್ಟರು. "ತಗ್ಸಿದ್ ತಲೆ ಎತ್ತಾಕಿಲ್ಲ. ಸೀರೆ ನಿರಿಗೆ ಇಡ್ಯೋದ್ರಲ್ಲಿ ಇವನ್ನ ಮೀರ್ಸೋರಿಲ್ಲ. ರಾಜ ಎಷ್ಟೇ ಒದೀಲಿ, ಒಂದ್ ಎದುರ್ ಮಾತಿಲ್ಲ."

ಬಾಗಿಲ ಹಿಂದೆ ಹುಡುಗಿ ಕಿಸಕ್ಕೆಂದದ್ದು ಕೇಳಿಸಿತು. ಅವಳ ಅಪ್ಪ ಮಾತ್ರ ನಗಲಿಲ್ಲ. ಮೇಷ್ಟ್ರ ಕಡೆ ತಿರುಗಿ, "ಮೇಷ್ಟ್ರೇ, ಮಗಳ ವಿಚಾರ ಅಂಗಿರ್ಲಿ. ನಂಗೊಬ್ಬ ಮಗಾನೂ ಅವ್ನೆ" ಅಂದ.

ಆಮೇಲೆ ನಾನು ಹೆಣ್ಣು ಕೇಳಲು ಎಲ್ಲಿಗೂ ಹೋಗಲಿಲ್ಲ.

ನಾಗಮಂಗಲದಲ್ಲಿ ರಾಜ

ರಾಜನ ವೇಷ ಯಾವಾಗ ಎಂದು ಒಂದೂರಲ್ಲಿ ಕೇಳಿದರೆ ಮೇಷ್ಟ್ರು ಹಿರೋಡೆಯಲ್ಲಿ ಅನ್ನುವರು, ಹಿರೋಡೆಯಲ್ಲಿ ಕೇಳಿದರೆ ಕೃಷ್ಣರಾಜಪೇಟೆಯಲ್ಲಿ ಅನ್ನುವರು. ಅಷ್ಟರಲ್ಲಿ ಟಾಕಿ ಬಂತು. ಜನ ಪರದೆಯ ಮೇಲೆ ನಿಜವಾದ ಹೆಂಗಸರನ್ನು ಕಂಡು ಬಂದು, ನನ್ನ ಅಳುವನ್ನು ನೋಡಿ ಆಕಳಿಸತೊಡಗಿದರು. ಮೇಷ್ಟ್ರು ರಾಣಿಯ ಪಾತ್ರಕ್ಕೆ ಮೈಸೂರಿನಿಂದ ಒಬ್ಬ ನಟಿಯನ್ನು ಕರೆತಂದರು. ಅದೇ ಹೊತ್ತಿಗೆ ನಮ್ಮ ರಾಜ ಜಗಳವಾಡಿ ಕಂಪನಿ ಬಿಟ್ಟ.

"ಆಗ್ಲಿ, ಕಟ್ಕೊ ರಾಜನ್ ಯೇಸ" ಅಂದರು ಮೇಷ್ಟ್ರು, ಬೇರೆ ಗತಿಯಿಲ್ಲದೆ.

ನಾನು ಜಡೆ ಕತ್ತರಿಸಿದೆ, ಮೀಸೆ ಬಿಟ್ಟೆ. ನಾಗಮಂಗಲದ ಆಟದ ದಿನ ಕಿರೀಟ ಇಟ್ಟುಕೊಂಡು ಕನ್ನಡಿ ನೋಡಿದರೆ ಥೇಟು ಅಪ್ಪನ ಮುಖ. ಮುಂದಿನ ಸಾಲಿನಲ್ಲಿ ಅವನೊಬ್ಬ ಇರಬೇಕಿತ್ತು ಅನ್ನಿಸಿ ಕಣ್ಣು ತುಂಬಿ ಬಂತು. ಬಣ್ಣ ಕರಗೀತೆಂದು ತಡೆದುಕೊಂಡೆ.

ಸಿಂಹಾಸನದ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು ಮಂತ್ರಿಯನ್ನು ಗದರಿಸಿದೆ. ಜನ ಚಪ್ಪಾಳೆ ಹೊಡೆದರು. ಆಗ ಮೇಷ್ಟ್ರು ಹಾರ್ಮೋನಿಯಂನಲ್ಲಿ ರಾಣಿ ಒಳಗೆ ಬರುವ ರಾಗ ಎತ್ತಿದರು. ಇಪ್ಪತ್ತು ವರ್ಷ ಆ ರಾಗಕ್ಕೆ ಎದ್ದ ಕಾಲು, ನನ್ನನ್ನು ಕೇಳದೆ ಎದ್ದುಬಿಟ್ಟಿತು. ಸಿಂಹಾಸನದಿಂದ ಇಳಿದೆ. ಉತ್ತರೀಯವನ್ನು ಸೆರಗಿನಂತೆ ತಲೆಯ ಮೇಲೆಳೆದುಕೊಂಡು, ಬಳುಕುತ್ತಾ ಹೋಗಿ, "ಪ್ರಾಣನಾಥಾ" ಎಂದು ಆ ಹೆಂಗಸಿನ ಕಾಲಿಗೆ ಬೋರಲು ಬಿದ್ದೆ.

ಆಕೆ ಹೆದರಿ ಎರಡು ಹೆಜ್ಜೆ ಹಿಂದೆ ಸರಿದಳು. ಹಿಂದಿನ ಸಾಲಿನಿಂದ ಯಾರೋ "ಒನ್ಸ್ ಮೋರ್" ಎಂದು ಕೂಗಿದರು. ಹಾಡು ಮೆಚ್ಚಿ ಜನ ಒನ್ಸ್ ಮೋರ್ ಅಂದರೆ ಮತ್ತೆ ಹಾಡಲೇಬೇಕು, ಅದು ಕಂಪನಿಗಳ ಪದ್ಧತಿ. ಬಿದ್ದದ್ದಕ್ಕೂ ಒನ್ಸ್ ಮೋರ್ ಕೇಳಿದ್ದು ಅದೇ ಮೊದಲು. ಡೇರೆಗೆ ಡೇರೆಯೇ ಕೂಗತೊಡಗಿತು. ನೆಲದಿಂದ ತಲೆ ಎತ್ತಿ ಮೇಷ್ಟ್ರ ಕಡೆ ನೋಡಿದೆ. ಸಾಕಿದವರು, ಪರದೆಯಾದರೂ ಇಳಿಸಿ ಮಾನ ಉಳಿಸುತ್ತಾರೆ ಎಂದುಕೊಂಡೆ. ಅವರು ಕಣ್ಣು ಮುಚ್ಚಿ ಅದೇ ರಾಗವನ್ನು ಮತ್ತೆ ಎತ್ತಿದರು. ನಾನು ಸಿಂಹಾಸನಕ್ಕೆ ಹೋಗಿ ಕೂತು, ಎದ್ದು ಬಂದು, ಮತ್ತೆ ಬಿದ್ದೆ.

ಆಟ ಮುಗಿದ ಮೇಲೆ ಕಿರೀಟವನ್ನು ಅವರ ಮುಂದಿಟ್ಟು, "ಬುದ್ಧೀ, ನಾಳೀಕ್ ಸರಿ ಮಾಡ್ಕತೀನಿ" ಅಂದೆ.

"ಸರಿಗಿರಿ ಮಾಡೀಯ, ಜ್ವಾಕೆ" ಅಂದರು ಮೇಷ್ಟ್ರು. "ದಿನಾ ಇಂಗೇ ಬೀಳ್ಬೇಕು."

ಕಂಪನಿ ಮುಚ್ಚುವ ತನಕ ನಾನೇ ರಾಜ. ಅಪ್ಪನಿಗೆ ಕೊಟ್ಟ ಮಾತನ್ನು ಮೇಷ್ಟ್ರು ಉಳಿಸಿಕೊಂಡರು, ಇಲ್ಲವೆನ್ನಲಾರೆ. ಮೀಸೆಯನ್ನೂ ಉಳಿಸಿಕೊಟ್ಟರು. ದಿನಾ ಆಟ ಮುಗಿದ ಮೇಲೆ ಅದಕ್ಕೆ ಅಂಟಿದ ಮಣ್ಣನ್ನು ಮಾತ್ರ ನಾನೇ ಒರೆಸಿಕೊಳ್ಳಬೇಕಾಗಿತ್ತು.