ಕಮಲಿಯನ್ನ ನೋಡಾಕ ಬಂದವರು

ಹೆಣ್ಣು ಹೆತ್ತವರ ಸಂಕಟ ನನಗ ಗೊತ್ತಿರಲಿಲ್ಲರೀ. ನನಗಿರೋವು ಎರಡೂ ಗಂಡು. ಗಂಗಾವತಿ ಊರ ಹೊರಗ, ದಿಕ್ಕಿಲ್ಲದ ನಾಯಿ ಬೆಕ್ಕು ಸಾಕೋ ಜಾಗಾದಾಗ ಕೆಲಸಕ್ಕ ಸೇರಿದ ಮ್ಯಾಲ ಅದೂ ಗೊತ್ತಾತು. ದಿನಾ ಒಂದಿಲ್ಲೊಂದು ಮಜಾ ನಡದ ಇರ್ತೈತಿ. ನಾಯಿ ಬೇಕಂತ ಮಂದಿ ಬರ್ತಾರ. ಕುರ್ಚಿ ಹಾಕಿ ಕುಂಡ್ರಸ್ತೀವಿ, ಚಾ ಕೊಡ್ತೀವಿ, ನಾಯಿ ಹೊರಗ ಕರ್ಕೊಂಡು ಬರ್ತೀವಿ. ಮೂಗು, ಕಣ್ಣು, ಬಣ್ಣ ಎಲ್ಲಾ ನೋಡ್ತಾರ. ಏಳೋವಾಗ ಒಂದ ಮಾತು: "ಮನ್ಯಾಗ ಕೇಳಿ ಹೇಳಿ ಕಳಸ್ತೀವಿ." ಕನ್ಯಾ ನೋಡಾಕ ಬಂದವ್ರು ಹಿಂಗಂದ್ರ ಏನರ್ಥ ಅಂತ ನಮ್ಮ ಕಡೆ ಸಣ್ಣ ಹುಡುಗರಿಗೂ ಗೊತ್ತೈತಿ.

ನಮ್ಮಲ್ಲಿ ಕಮಲಿ ಅಂತ ಒಂದು ಹೆಣ್ಣು ನಾಯಿ ಇತ್ತು. ಕರೀದು, ಬೀದೀದು, ಅದರ ಮ್ಯಾಲ ಬಾಯಿ ಸತ್ತದ್ದು, ಬೊಗಳೋದ ಇಲ್ಲ. ಆಕಿ ಜೋಡಿ ಬಂದ ನಾಯಿ ಎಲ್ಲಾ ಒಂದೊಂದು ಮನಿ ಸೇರಿದ್ವು, ಈಕಿ ಉಳಕೊಂಡ್ಲು. ಮೊದಮೊದಲು ಗೇಟಿನ ಮುಂದ ಗಾಡಿ ನಿಂತ್ರ ಬಾಲ ಅಳ್ಳಾಡಿಸ್ಕೋತ ಓಡಿ ಬರಾಕಿ, ಬರಬರ್ತಾ ಏಳೋದ ಬಿಟ್ಲು. ಅದನ್ನ ನೋಡಿ ನನಗ ಭಾಳ ಕೆಟ್ಟನಸ್ತು. ಈಕೀನ ಒಂದು ಛಲೋ ಮನಿ ಸೇರಿಸೇ ಸೈ ಅಂತ ಹಟ ಹಿಡಿದ್ನಿ.

ಯಾವ ಜಾತಿ?

ಮೊದಲ ಬಂದವ್ರು ಅಕ್ಕಿ ವ್ಯಾಪಾರದ ಸಾಹುಕಾರ್ರು. ಕಾರಿಂದ ಇಳಿದವ್ರ ಕೇಳಿದ್ರು, "ಯಾವ ಜಾತೀದರೀ ಇದು?"

"ನಮ್ಮ ಕಡೀದ ರೀ. ಬಸ್ ಸ್ಟ್ಯಾಂಡಿನಾಗ ಸಿಕ್ಕಿದ್ದು."

"ಹಂಗಲ್ಲ. ಮುಧೋಳ ನಾಯಿ ರಕ್ತ ಏನರ ಕೂಡೇತೇನು? ಅಪ್ಪ ಯಾವುದು?"

"ಅದನ್ನ ಅವರವ್ವನ್ನ ಕೇಳಬೇಕ್ರೀ. ಆಕಿನೂ ಖಾತ್ರಿ ಹೇಳ್ತಾಳಂತ ನನಗ ನಂಬಿಗಿಲ್ಲ."

ಸಾಹುಕಾರ್ರು ಚಾದ ಕಪ್ಪು ಕೆಳಗಿಟ್ಟು "ಹೇಳಿ ಕಳಸ್ತೀವಿ" ಅಂದ್ರು.

ಬಣ್ಣ

ಆಮ್ಯಾಲ ಕುಷ್ಟಗಿಯಿಂದ ಸಾಲಿ ಮಾಸ್ತರೊಬ್ರು ಹೆಂಡ್ತೀನ ಕರ್ಕೊಂಡು ಬಂದ್ರು. ಅಕ್ಕಾರಿಗೆ ಕಮಲಿ ಮ್ಯಾಲ ಮನಸ್ಸಾತು. ಆಕಿನೂ ಹೋಗಿ ಅವರ ತೊಡಿ ಮ್ಯಾಲ ತಲಿ ಇಟ್ಲು. ಅಂಜನಾದ್ರಿ ಹನುಮಪ್ಪಗ ಕಾಯಿ ಒಡಸ್ತೀನಂತ ನಾ ಮನಸ್ಸಿನ್ಯಾಗ ಬೇಡ್ಕೊಂಡ್ನಿ. ಅಷ್ಟರಾಗ ಮಾಸ್ತರ್ರು ಬಾಯಿ ತಗದ್ರು.

"ಹೊಸಾ ಮನಿ ಐತಿ, ಕರೀದು ಬ್ಯಾಡ. ಮುಂಜಾನೆದ್ದು ಕರೀ ಮಾರಿ ಯಾರು ನೋಡಬೇಕು?"

ಅಕ್ಕಾರು ಕಮಲಿ ತಲಿ ಸವರ್ಕೋತ, "ಲಗ್ನ ಆದಾಗಿಂದ ನಾ ನೋಡಾಕತ್ತಿಲ್ಲೇನ್ರೀ?" ಅಂದ್ರು.

ಮಾಸ್ತರ್ರು ಎದ್ದು ಸ್ಕೂಟರ್ ಚಾಲೂ ಮಾಡಿದ್ರು. ಹೇಳಿ ಕಳಸ್ತೀವಿ ಅನ್ನಾಕೂ ನಿಲ್ಲಲಿಲ್ಲ.

ಹಾಡು ಬರ್ತೈತೇನವಾ?

ಯಲಬುರ್ಗಾ ಕಡೆಯ ಗೌಡ್ರಿಗೆ ತೋಟ ಕಾಯೋ ನಾಯಿ ಬೇಕಾಗಿತ್ತು. "ಬೊಗಳ್ತೈತೇನು? ಒಂದೀಟು ಬೊಗಳಿಸಿ ತೋರಿಸ್ರಿ" ಅಂದ್ರು. ಕನ್ಯಾ ನೋಡಾಕ ಬಂದಾಗ ಒಂದು ಹಾಡು ಹೇಳವಾ ಅಂತಾರಲ್ಲ, ಹಂಗ.

ಉಳದ ನಾಯಿ ಎಲ್ಲಾ ಮುಗಿಲು ಹರಿಯೋ ಹಂಗ ಒದರಾಕತ್ತಿದ್ವು. ಕಮಲಿ ಒಬ್ಬಾಕಿ ಗೌಡ್ರ ಮೀಸಿ ನೋಡ್ಕೋತ ಸುಮ್ಮನ ಕುಂತಿದ್ಲು. ಮೊದಲು ರಮಿಸಿದ್ನಿ, ಆಮ್ಯಾಲ ಬೈದ್ನಿ. ಕಡೀಕ ಮಾನ ಮರ್ಯಾದಿ ಬಿಟ್ಟು ಆಕಿ ಮುಂದ ಕುಕ್ಕರಗಾಲಿಲೆ ಕುಂತು ನಾನ ಬೊಗಳಿ ತೋರಿಸಿದ್ನಿ. ಸುಳ್ಯಾಕ ಹೇಳ್ಲಿ, ಚಂದಂಗ ಬೊಗಳಿದ್ನಿ. ಉಳದ ನಾಯಿ ಎಲ್ಲಾ ಗಪ್ಪಾದ್ವು.

ಗೌಡ್ರು ನನ್ನ ಮ್ಯಾಲಿಂದ ಕೆಳತನಕ ನೋಡಿದ್ರು. "ಈ ನಾಯಿ ಇರ್ಲಿ. ತೋಟಕ್ಕ ನೀವ ಬರ್ತೀರೇನು?"

ಉಡಿ

ಮರಳಿ ಅನ್ನೋ ಹಳ್ಳಿಯಿಂದ ಭತ್ತದ ಗದ್ದಿ ಇದ್ದ ಮನಿ ಅಮ್ಮಾರೊಬ್ರು ಬಂದ್ರು. ಕುರ್ಚಿ ಬ್ಯಾಡಂದು ಕಮಲಿ ಬಾಜೂಕ ನೆಲದ ಮ್ಯಾಲ ಕುಂತು ಸೊಸಿ ಸುದ್ದಿ, ಮಗನ ಸುದ್ದಿ, ಮೊಣಕಾಲ ನೋವು ಎಲ್ಲಾ ಹೇಳಿದ್ರು. ಕಮಲಿ ಕೇಳಿದ್ಲು. ಎದ್ದಾಗ ಅವ್ರೂ "ಮನ್ಯಾಗ ಕೇಳಿ ಹೇಳಿ ಕಳಸ್ತೀನಪ್ಪ" ಅಂದ್ರು. ಮುಗೀತು ಬಿಡು ಅಂದ್ಕೊಂಡ್ನಿ. ಮರದಿನ ನೋಡಿದ್ರ ಮಗನ ಟ್ರ್ಯಾಕ್ಟರ್ ಹತ್ತಿಕೊಂಡು ಬಂದ ಬಿಟ್ರು!

"ಇಷ್ಟೆಲ್ಲಾ ಬೊಗಳೋ ನಾಯಿ ಬಿಟ್ಟು ಈ ಮೂಕೀನ ಯಾಕ್ರೀ ಅಮ್ಮಾರ?"

"ನಮ್ಮ ಮನ್ಯಾಗ ಒದರೋರು ಭಾಳ ಮಂದಿ ಅದಾರಪ್ಪ. ನಾ ಹೇಳಿದ್ದು ಕೇಳೋರು ಒಬ್ರೂ ಇಲ್ಲ."

ಹಗ್ಗ ಅವರ ಕೈಗೆ ಕೊಟ್ನಿ. ಅವ್ರು ಕದಲಲಿಲ್ಲ. "ಹೆಣ್ಣುಮಗಳನ್ನ ಬರಿಗೈಲೆ ಕಳಸ್ತಾರೇನು? ಉಡಿ ತುಂಬ್ರಿ!"

ಪೇಚಿಗೆ ಬಂತು. ನಮ್ಮ ಮನಿಯಾಕಿಗೆ ಫೋನ್ ಹಚ್ಚಿದ್ನಿ. ಆಕಿ ಅಕ್ಕಿ, ಕೊಬ್ಬರಿ, ಕುಬಸದ ಕಣ ಹಿಡ್ಕೊಂಡು ಓಡಿ ಬಂದ್ಲು. ನಾಯಿಗೆ ಉಡಿ ಎಲ್ಲಿಂದ ಬರಬೇಕು? ಕಣ ಕೊಳ್ಳಾಗ ಕಟ್ಟಿದ್ವಿ, ಅಕ್ಕಿ ಅಮ್ಮಾರ ಸೆರಗಿಗೆ ಹಾಕಿದ್ವಿ. ಕೊಬ್ಬರಿ ಮಾತ್ರ ಮದುಮಗಳು ಅಲ್ಲೇ ತಿಂದು ಮುಗಿಸಿದ್ಲು. ಟ್ರ್ಯಾಕ್ಟರ್ ಹೊಂಟಾಗ ನಮ್ಮಿಬ್ಬರ ಕಣ್ಣೂ ತುಂಬಿ ಬಂದ್ವು.

ಪಂಚಮಿ

ಶ್ರಾವಣ ಬಂತು. ಒಂದಿನ ಮುಂಜಾನೆ ಗೇಟು ತಗದ್ರ ಕಮಲಿ ಕುಂತಾಳ! ಕಾಲುವಿ ದಂಡಿ ಹಿಡ್ಕೊಂಡು ಒಬ್ಬಾಕಿನ ಬಂದಾಳ, ಮೈಯೆಲ್ಲಾ ಕೆಸರು. ಹೊಡದ್ರೋ, ಹೊರಗ ಹಾಕಿದ್ರೋ? ಮನಿ ಬಿಟ್ಟು ಬಂದ ನಾಯೀನ ಇನ್ಯಾರು ಕೇಳ್ತಾರ? ದಿನಾ ಹಾಕೋ ಅನ್ನ ಹಾಕಿದ್ನಿ, ಮೂಸಿ ನೋಡಿ ಬಿಟ್ಲು. ನನಗೂ ನಾಷ್ಟಾ ಸೇರಲಿಲ್ಲ.

ಮಧ್ಯಾಹ್ನ ದೂರದಾಗ ಟ್ರ್ಯಾಕ್ಟರ್ ಸಪ್ಪಳಾತು. ಗಾಡಿ ಬಂದ್ರ ಏಳೋದ ಬಿಟ್ಟಿದ್ದ ಕಮಲಿ ಬಾಲ ಅಳ್ಳಾಡಿಸ್ಕೋತ ಗೇಟಿಗೆ ಓಡಿದ್ಲು. ಅಮ್ಮಾರು ಇಳಿದ್ರು. ನಾ ಸಿಟ್ಟಿಲೆ ಕಾಯ್ಕೊಂಡ ನಿಂತಿದ್ನಿ.

"ಯಾಕ್ರೀ, ಬ್ಯಾಡಾದ್ಲೇನು ಕಮಲಿ?"

"ಬಿಡ್ತು ಅನ್ನಪ್ಪ! ನಾಳೆ ಪಂಚಮಿ. ಹಬ್ಬಕ್ಕ ಹೆಣ್ಣುಮಗಳು ತವರಿಗೆ ಬರೂದಿಲ್ಲೇನು? ಹೇಳದ ಕೇಳದ ಬಂದಾಳ, ಅದಕ್ಕ ಮುಟ್ಟ್ಯಾಳೋ ಇಲ್ಲೋ ನೋಡಾಕ ಬಂದ್ನಿ. ಹಬ್ಬ ಮುಗಿಸ್ಲಿ, ಬಂದು ಕರ್ಕೊಂಡು ಹೋಗ್ತೀನಿ."

ನನ್ನ ಸಿಟ್ಟು ಎಲ್ಲಿ ಹೋತೋ ಏನೋ. ಅಮ್ಮಾರು ಚೀಲದಾಗಿಂದ ಒಂದು ದೊಡ್ಡ ಸ್ಟೀಲ್ ಡಬ್ಬಿ ತಗದು ನನ್ನ ಕೈಯಾಗಿಟ್ರು. ಖಾಲಿ ಇತ್ತು.

"ಹೋಗೋವಾಗ ಶೇಂಗಾ ಉಂಡಿ, ಎಳ್ಳುಂಡಿ ತುಂಬಿ ಕಳಸ್ರಿ. ತವರಿನ ಮರ್ಯಾದಿ ಪ್ರಶ್ನಿ ನೋಡ್ರಿ ಮತ್ತ."

ಡಬ್ಬಿ ಹಿಡ್ಕೊಂಡು ಕಮಲಿ ಮಾರಿ ನೋಡಿದ್ನಿ, ಅಮ್ಮಾರ ಮಾರಿ ನೋಡಿದ್ನಿ. ಆ ಹೊತ್ತಿನ್ಯಾಗ ನನ್ನ ಬಾಯಿಗೆ ಬಂದದ್ದು ಒಂದ ಮಾತು:

"ಮನ್ಯಾಗ ಕೇಳಿ ಹೇಳಿ ಕಳಸ್ತೀನ್ರೀ!"